ಗಾಳಿಯ ಮಧ್ಯಾಹ್ನ ಬದುವಿಗೆ ಬೆಂಕಿ ಬೇಡ

ಫೆಬ್ರುವರಿ ಕಳೆಯುವ ಹೊತ್ತಿಗೆ ಸೋಗಾನೆ ಊರಿನ ಸುತ್ತಿನ ಬದುಗಳ ಹುಲ್ಲು ಒಣಗಿ ಗರಿಗರಿಯಾಗಿರುತ್ತದೆ. ಮೆಕ್ಕೆಜೋಳದ ದಂಟು ಹೊಲದಲ್ಲೇ ಉಳಿದಿರುತ್ತದೆ, ಅಡಿಕೆ ಸೋಗೆ ತೋಟದ ಅಂಚಿನಲ್ಲಿ ರಾಶಿ ಬಿದ್ದಿರುತ್ತದೆ. ಮಳೆಗಾಲಕ್ಕೆ ಮೊದಲು ಇದಕ್ಕೆಲ್ಲ ಕಡ್ಡಿ ಗೀರಿ ಹೊಲ ಹಸನು ಮಾಡುವುದು ಹಲವರ ರೂಢಿ. ಈ ರೂಢಿಯನ್ನು ಬಿಡಲೇಬೇಕು.

ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಗಾಳಿಯಲ್ಲಿ ತೇವ ತೀರಾ ಕಡಿಮೆ. ತೆಳ್ಳನೆಯ ಹುಲ್ಲು, ತರಗೆಲೆ ಒಂದೆರಡು ಗಂಟೆಯಲ್ಲೇ ಪೂರಾ ಒಣಗುತ್ತವೆ. ಬೀಸುವ ಗಾಳಿ ಜ್ವಾಲೆಯನ್ನು ಮುಂದಕ್ಕೆ ಬಾಗಿಸಿ ಎದುರಿನ ಹುಲ್ಲನ್ನು ಮೊದಲೇ ಕಾಯಿಸುತ್ತದೆ, ಕಿಡಿಯನ್ನು ಬದು ದಾಟಿಸುತ್ತದೆ. ಏರಿನಲ್ಲಿ ಬೆಂಕಿಯ ಓಟ ಇನ್ನೂ ಜೋರು.

2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಹೆಕ್ಟೇರ್ ಕಾಡು ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರ್‌ಗಳೇ ನೀರು ಸುರಿಯಬೇಕಾಯಿತು. ಅದಕ್ಕೂ ಎರಡು ವರ್ಷ ಮೊದಲು ಅಲ್ಲೇ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡಿದ್ದರು. 2023ರ ಆಗಸ್ಟ್‌ನಲ್ಲಿ ಹವಾಯಿಯ ಲಹೈನಾ ಪಟ್ಟಣ ಸುಟ್ಟು ನೂರರಷ್ಟು ಜನ ಸತ್ತರು. ಹಿಂದೆ ಕಬ್ಬು ಬೆಳೆದು ಬೀಳು ಬಿಟ್ಟಿದ್ದ ಜಮೀನಿನ ಒಣಹುಲ್ಲು ಅಲ್ಲಿ ಬೆಂಕಿಗೆ ದಾರಿಯಾಗಿತ್ತು. ಬೀಳು ಹೊಲ ನಮ್ಮಲ್ಲೂ ಹೆಚ್ಚುತ್ತಿರುವುದರಿಂದ ಈ ಮಾತು ದೂರದ್ದಲ್ಲ.

ಅಡಿಕೆಗೆ ಬೆಂಕಿ ತಗುಲಿದರೆ ನಷ್ಟ ಒಂದು ವರ್ಷದ್ದಲ್ಲ. ಅಡಿಕೆ ಮರಕ್ಕೆ ಬೆಳೆಯುವ ತುದಿ ಒಂದೇ, ಅದು ಸುಳಿ. ಸುಳಿ ಬೆಂದರೆ ಮರ ಸತ್ತಂತೆ. ಮಾವು, ಹಲಸಿನ ಹಾಗೆ ಕಾಂಡದ ಗಾಯವನ್ನು ಹೊಸ ತೊಗಟೆ ಮುಚ್ಚುವುದೂ ಇಲ್ಲ. ಮತ್ತೆ ಸಸಿ ಇಟ್ಟು ಫಸಲು ಕಾಣಲು ಐದಾರು ವರ್ಷ ಬೇಕು.

ಹಾಗಾಗಿ ಕಾಡು, ಅಕೇಶಿಯಾ ನೆಡುತೋಪು ಅಥವಾ ರಸ್ತೆಗೆ ತಾಗಿದ ತೋಟದ ಅಂಚಿನಲ್ಲಿ ಜನವರಿಯಲ್ಲೇ ಮೂರು ಮೀಟರಿನಷ್ಟು ಅಗಲ ಹುಲ್ಲು ಕೆತ್ತಿ ನೆಲ ಬರಿದು ಮಾಡಬೇಕು. ಸೋಗೆಯನ್ನು ಕತ್ತರಿಸಿ ತೋಟದ ಒಳಭಾಗದಲ್ಲಿ ಮರದ ಬುಡಕ್ಕೆ ಹೊದಿಸಿದರೆ ತೇವ ಉಳಿಯುತ್ತದೆ. ಅಂಚಿನ ಎರಡು ಸಾಲಿಗೆ ಮಾತ್ರ ಈ ಹೊದಿಕೆ ಬೇಡ. ಮೆಕ್ಕೆಜೋಳದ ದಂಟನ್ನು ರೋಟವೇಟರ್‌ನಿಂದ ಪುಡಿ ಮಾಡಿ ಮಣ್ಣಿಗೆ ಸೇರಿಸಬಹುದು, ಸಗಣಿ ಬಗ್ಗಡ ಹಾಕಿ ಗೊಬ್ಬರವನ್ನೂ ಮಾಡಬಹುದು. ದಂಟು ಸುಟ್ಟರೆ ಅದರಲ್ಲಿದ್ದ ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಹುಲ್ಲಿನ ಬಣವೆ ಕೊಟ್ಟಿಗೆಗೆ ಅಂಟಿಕೊಂಡಿರಬಾರದು. ವಿದ್ಯುತ್ ಟ್ರಾನ್ಸ್‌ಫಾರ್ಮರ್ (ಟಿಸಿ) ಕಂಬದ ಬುಡ ಹಸನಾಗಿರಲಿ; ತಂತಿ ಜೋತುಬಿದ್ದಿದ್ದರೆ, ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರುವ ಮೊದಲೇ ವಿದ್ಯುತ್ ಕಂಪನಿ ಮೆಸ್ಕಾಂನ 1912ಕ್ಕೆ ತಿಳಿಸಬೇಕು.

ಬೆಂಕಿ ಕಂಡ ಕೂಡಲೇ 112 ಅಥವಾ 101ಕ್ಕೆ ಕರೆ ಮಾಡಿ, ದನಕರುಗಳ ಹಗ್ಗ ಬಿಚ್ಚಬೇಕು. ಸಣ್ಣ ಬೆಂಕಿಯಾದರೆ ಔಷಧಿ ಹೊಡೆಯುವ ಕ್ಯಾನನ್ನು ಚೆನ್ನಾಗಿ ತೊಳೆದು ನೀರು ತುಂಬಿ, ಹಸಿ ಸೊಪ್ಪಿನ ಕೊಂಬೆ ಹಿಡಿದು, ಸುಟ್ಟು ಕರಿಯಾದ ಕಡೆಯಿಂದ ಬಡಿಯಬೇಕು. ಗಾಳಿ ಬೀಸುವ ದಿಕ್ಕಿನಲ್ಲಿ ಬೆಂಕಿಗೆ ಎದುರಾಗಿ ಯಾರೂ ನಿಲ್ಲಬಾರದು. ಆರಿದಂತೆ ಕಂಡರೂ ಒಣ ಬೊಡ್ಡೆ, ಸಗಣಿ ಒಳಗೊಳಗೇ ಕೆಂಡವಾಗಿ ಮರುದಿನದ ಗಾಳಿಗೆ ಮತ್ತೆ ಹೊತ್ತಿಕೊಳ್ಳುತ್ತವೆ. ಅವುಗಳ ಮೇಲೆ ನೀರು ಸುರಿದು ಕೆದಕಿ ನೋಡಿಯೇ ಮನೆಗೆ ಮರಳಬೇಕು.