ನೀರುಳ್ಳಿಯ ಕ್ವೆರ್ಸೆಟಿನ್: ಹೋಟೆಲಿನವರು ತಿಳಿದಿರಬೇಕಾದದ್ದು



"ನಿಮ್ಮ ತಿಂಡಿಯಲ್ಲಿ ಆ್ಯಂಟಿಆಕ್ಸಿಡೆಂಟ್ ಇದೆಯೇ?" ಎಂದು ಕೇಳುವ ಗಿರಾಕಿಗಳು ಈಗ ಹೆಚ್ಚಾಗಿದ್ದಾರೆ. ಇದಕ್ಕೆ ಉತ್ತರ ನಮ್ಮ ನೀರುಳ್ಳಿ ಚೀಲದಲ್ಲೇ ಇದೆ. ಆದರೆ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ನಮಗೆ ಗೊತ್ತಿರಬೇಕು.

ಬಿಸಿಲು, ಕೀಟ, ರೋಗಗಳಿಂದ ರಕ್ಷಣೆಗಾಗಿ ಗಿಡಗಳು ತಯಾರಿಸಿಕೊಳ್ಳುವ ಒಂದು ಜಾತಿಯ ವಸ್ತುಗಳೇ ಫ್ಲೇವನಾಯ್ಡ್‌ಗಳು. ಚಹಾ, ಸೇಬು, ಕಿತ್ತಳೆಗಳಲ್ಲೂ ಇವು ಇವೆ. ನೀರುಳ್ಳಿಯಲ್ಲಿ ಮುಖ್ಯವಾದದ್ದು ಕ್ವೆರ್ಸೆಟಿನ್. ಕೆಂಪು ನೀರುಳ್ಳಿಯಲ್ಲಿ ಇದು ಹೆಚ್ಚು, ಬಿಳಿಯದರಲ್ಲಿ ಬಹಳ ಕಡಿಮೆ. 1936ರಲ್ಲಿ ಹಂಗೇರಿಯ ವಿಜ್ಞಾನಿ ಸೆಂಟ್-ಗ್ಯೋರ್ಗಿ ಫ್ಲೇವನಾಯ್ಡ್‌ಗಳನ್ನು 'ವಿಟಮಿನ್ ಪಿ' ಎಂದು ಕರೆದರು. ಆದರೆ ಇವು ವಿಟಮಿನ್ ಅಲ್ಲವೆಂದು ಮುಂದೆ ತಿಳಿದು ಆ ಹೆಸರನ್ನು ಕೈಬಿಡಲಾಯಿತು.

ಹೊಟ್ಟೆಯಲ್ಲಿ ಏನಾಗುತ್ತದೆ?

ನೀರುಳ್ಳಿಯಲ್ಲಿ ಕ್ವೆರ್ಸೆಟಿನ್ ಸಕ್ಕರೆಯ ಅಂಶದೊಂದಿಗೆ ಸೇರಿಕೊಂಡಿರುತ್ತದೆ. ಹಾಲನ್ನು ಜೀರ್ಣಿಸುವ ಲ್ಯಾಕ್ಟೇಸ್ ಎಂಬ ಕಿಣ್ವವೇ ಸಣ್ಣ ಕರುಳಿನಲ್ಲಿ ಈ ಸಕ್ಕರೆಯನ್ನು ಬಿಡಿಸುತ್ತದೆ. ಅಲ್ಲಿ ಹೀರಲ್ಪಡದೆ ಉಳಿದದ್ದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ರಕ್ತಕ್ಕೆ ಸೇರುವ ಭಾಗವನ್ನು ಕರುಳಿನ ಗೋಡೆ ಮತ್ತು ಯಕೃತ್ತು ಬೇರೆ ರೂಪಕ್ಕೆ ಬದಲಾಯಿಸಿ ಮೂತ್ರ, ಪಿತ್ತರಸಗಳ ಮೂಲಕ ಹೊರಗೆ ಕಳುಹಿಸುತ್ತವೆ. ಆದ್ದರಿಂದ ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿ ಶುದ್ಧ ಕ್ವೆರ್ಸೆಟಿನ್ ತೋರಿಸುವ ಗುಣವೆಲ್ಲ ನಮ್ಮ ಶರೀರದಲ್ಲೂ ಹಾಗೆಯೇ ನಡೆಯುತ್ತದೆ ಎನ್ನುವಂತಿಲ್ಲ.

ಅಡುಗೆಮನೆಯಲ್ಲಿ ಗಮನಿಸಬೇಕಾದದ್ದು

1. ತಿನ್ನುವ ಭಾಗದಲ್ಲಿ ಕ್ವೆರ್ಸೆಟಿನ್ ಹೆಚ್ಚಾಗಿರುವುದು ಹೊರಗಿನ ಪದರಗಳಲ್ಲಿ. ಕೆಲಸದ ಹುಡುಗರು ಅವಸರದಲ್ಲಿ ಒಣ ಸಿಪ್ಪೆಯ ಜೊತೆ ಒಂದೆರಡು ಒಳ್ಳೆಯ ಪದರಗಳನ್ನೂ ಕಿತ್ತು ಎಸೆದರೆ ಸತ್ವವೂ ಹೋಯಿತು, ತೂಕವೂ ಹೋಯಿತು. ನೀರುಳ್ಳಿಗೆ ದರ ಏರಿದಾಗ ಈ ನಷ್ಟ ಸಣ್ಣದಲ್ಲ.

2. ಬೇಯಿಸಿದಾಗ ಸ್ವಲ್ಪ ಭಾಗ ನೀರಿಗೆ ಇಳಿಯುತ್ತದೆ. ಸಾಂಬಾರಿನಲ್ಲಿ ಅದು ಪಾತ್ರೆಯಲ್ಲೇ ಉಳಿಯುತ್ತದೆ. ಗ್ರೇವಿಗೆ ನೀರುಳ್ಳಿ ಬೇಯಿಸಿದ ನೀರನ್ನು ಚೆಲ್ಲದೆ ಅದಕ್ಕೇ ಬಳಸಿರಿ.

3. ಹೂಕೋಸು, ಬಿಳಿ ನೀರುಳ್ಳಿಗೆ ಅಡುಗೆ ಸೋಡಾ ತಾಗಿದರೆ ಹಳದಿಯಾಗುವುದು ಫ್ಲೇವನಾಯ್ಡ್‌ನಿಂದಲೇ. ಬಣ್ಣ ಬೆಳ್ಳಗೆ ಉಳಿಯಬೇಕಾದರೆ ಸೋಡಾ ಬೇಡ.

ಬೋರ್ಡಿನಲ್ಲಿ ಏನು ಬರೆಯಬಾರದು?

"ಶುಗರ್ ಗುಣವಾಗುತ್ತದೆ", "ಕ್ಯಾನ್ಸರ್ ತಡೆಯುತ್ತದೆ" ಎಂದು ಮೆನು ಅಥವಾ ಬೋರ್ಡಿನಲ್ಲಿ ಬರೆಯಬೇಡಿರಿ. ಜಾಹೀರಾತು ಮತ್ತು ಆರೋಗ್ಯದ ಹೇಳಿಕೆಗಳ ಬಗ್ಗೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಾವಳಿ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಕಾಯಿದೆಯಂತೆ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಗಿರಾಕಿ ಕೇಳಿದರೆ "ತಾಜಾ ನೀರುಳ್ಳಿ, ತರಕಾರಿ ಹಾಕಿದ್ದೇವೆ" ಎನ್ನೋಣ. ನಾವು ಕೊಡುವುದು ಊಟ, ಔಷಧವಲ್ಲ.