ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ

ಮಕ್ಕಳೇ, ಗೆಳೆಯನೊಬ್ಬ ಪರೀಕ್ಷೆಯಲ್ಲಿ ನಪಾಸಾದರೆ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಹೇಳುವವರು ನೀವು. ಅದೇ ನೀವು ನಿಮ್ಮ ಜೊತೆ ಆಡಿಕೊಳ್ಳುವ ಮಾತು ಕೇಳಿದರೆ ನನಗೆ ಕಳವಳವಾಗುತ್ತದೆ. ಐದಕ್ಕೆ ಎದ್ದು ಓದಬೇಕೆಂದು ಅಲಾರಾಂ ಇಡುತ್ತೀರಿ. ರಾತ್ರಿ ಒಂದರವರೆಗೆ ಮೊಬೈಲ್ ನೋಡಿ, ಬೆಳಿಗ್ಗೆ ಎಂಟಕ್ಕೆ ಏಳುತ್ತೀರಿ. ಎದ್ದ ಕೂಡಲೇ ಶುರು: ‘ನಾನೊಬ್ಬ ಸೋಮಾರಿ. ನನ್ನ ಕೈಲಿ ಏನೂ ಆಗಲ್ಲ. ನನ್ನ ಹಣೆಬರಹವೇ ಇಷ್ಟು.’

ಈ ಬೈಗುಳವನ್ನು ಶಿಸ್ತು ಎಂದುಕೊಳ್ಳಬೇಡಿ. ತಡವಾಗಿ ಎದ್ದದ್ದು ಒಂದು ದಿನದ ತಪ್ಪು, ಅದನ್ನು ನಾಳೆ ತಿದ್ದಬಹುದು. ‘ನಾನು ಸೋಮಾರಿ’ ಎಂಬುದು ಇಡೀ ಬದುಕಿನ ಮೇಲೆ ಬರೆದ ತೀರ್ಪು. ಅದನ್ನು ಒಪ್ಪಿಕೊಂಡವನಿಗೆ ನಾಳೆ ಬೇಗ ಏಳುವ ಹೊಣೆಯೇ ಇರುವುದಿಲ್ಲ. ಮೇಲೆ ಪಶ್ಚಾತ್ತಾಪದಂತೆ ಕಂಡರೂ ಒಳಗೆ ಅದು ಕೆಲಸ ತಪ್ಪಿಸಿಕೊಳ್ಳುವ ದಾರಿ.

ಬ್ಯಾರಿಸ್ಟರಾಗಿ 1891ರಲ್ಲಿ ಲಂಡನ್ನಿನಿಂದ ಮರಳಿದ ಗಾಂಧೀಜಿ ಮುಂಬಯಿಯ ನ್ಯಾಯಾಲಯದಲ್ಲಿ ತಮ್ಮ ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲು ಮಾಡಲು ಎದ್ದು ನಿಂತರು. ತಲೆ ಸುತ್ತಿತು, ಒಂದು ಪ್ರಶ್ನೆಯೂ ಬಾಯಿಂದ ಹೊರಡಲಿಲ್ಲ. ಬೇರೆ ವಕೀಲರನ್ನು ಗೊತ್ತುಮಾಡಿ, ನನಗೆ ಕೊಟ್ಟ 30 ರೂಪಾಯಿ ಫೀಯನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಹೇಳಿ ಹೊರನಡೆದರು. ಅವಮಾನವಾಗಿತ್ತು, ನಿಜ. ಆದರೆ ‘ನಾನು ಮಾತಿಗೆ ಹುಟ್ಟಿದವನಲ್ಲ’ ಎಂದು ಅವರು ತೀರ್ಮಾನಿಸಲಿಲ್ಲ. ನಡೆಸುವ ಧೈರ್ಯ ಬರುವ ತನಕ ಮೊಕದ್ದಮೆ ಹಿಡಿಯುವುದಿಲ್ಲ ಎಂದಷ್ಟೇ ನಿಶ್ಚಯಿಸಿದರು. 1893ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಅಲ್ಲಿನ ಭಾರತೀಯರನ್ನು ಸೇರಿಸಿ, ವ್ಯಾಪಾರದಲ್ಲಿ ಸತ್ಯ ಪಾಲಿಸುವ ಬಗ್ಗೆ ಮಾತಾಡಿದರು. ಹೇಳಬೇಕಾದದ್ದನ್ನು ಮೊದಲೇ ಸಿದ್ಧ ಮಾಡಿಕೊಂಡಿದ್ದರು. ಅದು ಅವರ ಬದುಕಿನ ಮೊದಲ ಸಾರ್ವಜನಿಕ ಭಾಷಣ. ಅಳುಕಿನ ಸ್ವಭಾವ ಆ ವೇಳೆಗೆ ಮಾಯವಾಗಿರಲಿಲ್ಲ. ಕೆಲಸ ಮಾತ್ರ ಶುರುವಾಗಿತ್ತು.

ಸೋತ ಮೇಲೆ ಧೈರ್ಯ ಬರುವ ತನಕ ಕಾಯುವ ಅಂಥ ಬಿಡುವು ನಿಮಗೆ ಸಿಗುವುದು ಕಷ್ಟ. ಒಂದು ಸೋಲಿನ ಬೆನ್ನಿಗೇ ಮೊಬೈಲ್ ತೆರೆದರೆ ಹತ್ತು ಜನರ ಗೆಲುವು ಕಾಣುತ್ತದೆ. ಜೊತೆಗೆ ಹಿರಿಯರಾದ ನಾವು ‘ಇವನು ಉದ್ಧಾರ ಆಗಲ್ಲ’, ‘ಇವಳ ತಲೆಗೆ ಲೆಕ್ಕ ಹತ್ತಲ್ಲ’ ಎಂದು ನಿಮ್ಮ ಎಳವೆಯಲ್ಲಿ ಆಡಿದ್ದು ಇಂದು ನಿಮ್ಮ ಮನಸ್ಸಿನಲ್ಲೇ ಮಾತಾಡುತ್ತಿರುತ್ತದೆ. ಸಿಟ್ಟಿನಲ್ಲಿ ಯಾರೋ ಆಡಿದ ಮಾತನ್ನು ಸತ್ಯವೆಂದು ಸಾಕಿಕೊಳ್ಳಬೇಡಿ.

‘ಬೈದುಕೊಳ್ಳದಿದ್ದರೆ ಇನ್ನಷ್ಟು ಹಾಳಾಗುವುದಿಲ್ಲವೇ?’ ಎಂದು ಕೇಳುತ್ತೀರಿ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ ವಿದ್ಯಾರ್ಥಿಗಳಲ್ಲಿ, ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಓದನ್ನು ಕಡಿಮೆ ಮುಂದೂಡಿದರು. ಓದಬೇಕಾದ ಪುಸ್ತಕ ಕಂಡಾಗಲೆಲ್ಲ ನಾಚಿಕೆಯೂ ನೆನಪಾದರೆ ಯಾರಾದರೂ ಪುಸ್ತಕದಿಂದ ದೂರವೇ ಓಡುತ್ತಾರೆ.

ಹಾಗಾಗಿ ಮೊದಲು ಮಾತು ತಿದ್ದಿಕೊಳ್ಳಿ. ‘ನಾನು ಸೋಮಾರಿ’ ಎಂದು ಬಾಯಿಗೆ ಬಂದಾಗ, ನಡೆದದ್ದನ್ನಷ್ಟೇ ಹೇಳಿ: ‘ನಿನ್ನೆ ರಾತ್ರಿ ಮಲಗುವಾಗ ಒಂದಾಗಿತ್ತು, ಅದಕ್ಕೇ ಏಳಲಾಗಲಿಲ್ಲ.’ ಹೀಗೆ ಹೇಳಿದಾಗ ಕಾರಣ ಕಾಣುತ್ತದೆ, ಕಾರಣ ಕಂಡರೆ ದಾರಿ ಕಾಣುತ್ತದೆ. ಮಲಗುವ ಕೋಣೆಯಲ್ಲಿ ಮೊಬೈಲ್ ಇಡಬೇಡಿ, ಚಾರ್ಜಿಗೆ ಹಾಕುವುದು ಅಡುಗೆಮನೆಯಲ್ಲಿ ಆಗಲಿ. ಎಂಟಕ್ಕೆ ಏಳುತ್ತಿದ್ದವರು ಐದಕ್ಕೆ ಹಾರಬೇಡಿ, ಈ ವಾರ ಏಳೂವರೆ ಸಾಕು. ಪಠ್ಯಪುಸ್ತಕದ ಎರಡೇ ಪುಟ ಓದಿ. ಸಣ್ಣದೆಂದು ನಾಚಬೇಡಿ, ‘ನನ್ನ ಕೈಲಿ ಆಗಲ್ಲ’ ಎಂಬ ಮಾತಿಗೆ ಮಾಡಿ ಮುಗಿಸಿದ ಕೆಲಸಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಇಪ್ಪತ್ತೊಂದು ದಿನಕ್ಕೆ ಅಭ್ಯಾಸ ಬಂದುಬಿಡುತ್ತದೆ ಎಂಬ ಮಾತು ನಂಬಿ ನಿರಾಶರಾಗಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿದಾಗ, ಹೊಸ ಅಭ್ಯಾಸ ರೂಢಿಯಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ ಇನ್ನೂರು ದಿನ ಮೀರೀತೆಂಬ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ. ನಾಟಿ ಮಾಡಿದ ಗದ್ದೆಯಲ್ಲಿ ನಾಲ್ಕು ಸಸಿ ಸತ್ತರೆ ರೈತ ಗದ್ದೆಯನ್ನೇ ಪಾಳು ಬಿಡುವುದಿಲ್ಲ, ಆ ಜಾಗಕ್ಕೆ ಬೇರೆ ಸಸಿ ನೆಡುತ್ತಾನೆ. ತಪ್ಪಿದ ದಿನವನ್ನು ನೀವೂ ಹಾಗೆಯೇ ನೋಡಿ.

ಇನ್ನೊಂದು ಮಾತು. ನಿಮ್ಮನ್ನು ಹಳಿಯುವ ದನಿ ವಾರಗಟ್ಟಲೆ ನಿಲ್ಲದೆ ಊಟ, ನಿದ್ದೆ ಕೆಡಿಸುತ್ತಿದ್ದರೆ, ‘ಬದುಕಿ ಏನು ಪ್ರಯೋಜನ’ ಎನ್ನುವವರೆಗೆ ಹೋದರೆ, ಒಬ್ಬರೇ ಹೊರಬೇಡಿ. ಮನೆಯವರಿಗೆ ಹೇಳಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದಕ್ಕೆ ಹಣ ಕೊಡಬೇಕಿಲ್ಲ.

ನಿಮ್ಮ ವಯಸ್ಸಿನಲ್ಲಿ ಯಾವ ಅಭ್ಯಾಸವೂ ಇನ್ನೂ ಹಣೆಬರಹವಾಗಿಲ್ಲ. ಇವತ್ತು ಒಂದೇ ಒಂದು ಕೆಲಸ ಆರಿಸಿಕೊಳ್ಳಿ, ಮಾಡಿ ಮುಗಿಸಿ. ಮುಗಿಸಿದ ಮೇಲೆ ‘ಇಷ್ಟೇ ತಾನೇ’ ಎಂದು ಹೀಗಳೆಯದೆ, ‘ಇವತ್ತು ಮಾಡಿದೆ’ ಎಂದು ಹೇಳಿಕೊಳ್ಳಿ. ಅಷ್ಟು ನ್ಯಾಯ ನಿಮಗೆ ನೀವೇ ಮಾಡಿಕೊಳ್ಳಬೇಕು.