ಕಾರು ಮಾರುವಾಗಲೂ ನಾವು ಸಾಕ್ಷಿಗಳೇ

ಪಾಠಭಾಗ: ಯೆರೆಮೀಯ 32:6-15

ಇವತ್ತಿನ ಪಾಠ ಸ್ವಲ್ಪ ಬೇರೆ ಥರ. ಪ್ರಾರ್ಥನೆ, ಉಪವಾಸದ ಬಗ್ಗೆ ಅಲ್ಲ, ಹಳೇ ಕಾರು ಮಾರೋದರ ಬಗ್ಗೆ. ನಗಬೇಡಿ, ಬೈಬಲ್ ತೆಗೀರಿ.

ಯೆರೂಸಲೇಮಿಗೆ ಮುತ್ತಿಗೆ ಬಿದ್ದಿದೆ, ಯೆರೆಮೀಯ ಕಾವಲಿನಲ್ಲಿದ್ದಾನೆ. ಆಗ ಅವನ ತಂದೆಯ ಸಹೋದರನ ಮಗ ಹನಮೇಲ ಬಂದು, ಅನಾತೋತಿನ ಹೊಲ ಕೊಂಡುಕೋ ಅಂತಾನೆ. ಪ್ರವಾದಿ ಏನು ಮಾಡಿದ? 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಪತ್ರ ಬರೆದು ಸಹಿ ಹಾಕಿದ. ಸಾಕ್ಷಿಗಳನ್ನು ಕರೆದ. ಮುದ್ರೆ ಹಾಕಿದ ಪ್ರತಿ ಒಂದು, ತೆರೆದ ಪ್ರತಿ ಒಂದು, ಎರಡನ್ನೂ ಮಣ್ಣಿನ ಮಡಕೆಯಲ್ಲಿ ಇಡಿಸಿದ. ಇಬ್ಬರೂ ಸಂಬಂಧಿಕರೇ. ಆದರೂ "ನಮ್ಮವನೇ ಅಲ್ವಾ, ಪೇಪರ್ ಆಮೇಲೆ ನೋಡೋಣ" ಅನ್ನಲಿಲ್ಲ. ಇದರಿಂದ ನಾವು ನಾಲ್ಕು ವಿಷಯ ಕಲಿಯೋಣ.

1. ಕೇಳದಿದ್ದರೂ ಸತ್ಯ ಹೇಳಿ

ನಮ್ಮ ಸಭೆಯ ಒಬ್ಬ ತಮ್ಮ ತನ್ನ ಮೂರು ವರ್ಷದ ಥಾರ್ ಮಾರೋಕೆ ಹೊರಟಿದ್ದ. ನನ್ನ ಹತ್ರ ಬಂದು ಕೇಳಿದ: "ಪಾಸ್ಟರ್, ಮುಂದಿನ ಭಾಗ ಒಂದ್ಸಲ ಗುದ್ದಿ ರಿಪೇರಿ ಆಗಿದೆ. ಹೇಳಿದ್ರೆ ರೇಟ್ ಬಿದ್ದೋಗುತ್ತೆ. ಅವರಾಗಿ ಕೇಳದಿದ್ರೆ ನಾನ್ಯಾಕೆ ಹೇಳ್ಬೇಕು?"

ನಾನು ಅವನಿಗೆ ಧರ್ಮೋಪದೇಶಕಾಂಡ 25:13 ತೋರಿಸಿದೆ. ಚೀಲದಲ್ಲಿ ಎರಡು ಥರದ ತೂಕದ ಕಲ್ಲು ಇಟ್ಟುಕೊಳ್ಳಬಾರದು ಅಂತ ಅಲ್ಲಿದೆ. ಕೊಳ್ಳುವಾಗ "ಆಕ್ಸಿಡೆಂಟ್ ಆಗಿದ್ಯಾ?" ಅಂತ ಹತ್ತು ಸಲ ಕೇಳ್ತೀವಿ, ಮಾರುವಾಗ ಸುಮ್ಮನಿರ್ತೀವಿ. ಇವೇ ಆ ಎರಡು ಕಲ್ಲು!

ಅವನು ಒಂದು ಹಾಳೆಯಲ್ಲಿ ಎಲ್ಲ ಬರೆದ. ಗುದ್ದಿದ್ದು, ಬದಲಾಯಿಸಿದ ಭಾಗಗಳು, ಆಫ್‌ರೋಡಿಂಗ್‌ನಲ್ಲಿ ಕೆಳಗೆ ತಗುಲಿದ್ದು, ಮಳೆಯಲ್ಲಿ ಸಾಫ್ಟ್ ಟಾಪ್ ಸೋರುವ ಜಾಗ. ಸರ್ವಿಸ್ ಬಿಲ್‌ಗಳನ್ನೂ ಜೊತೆಗಿಟ್ಟ. ಮೊದಲು ಬಂದವರು ಓದಿ ಎದ್ದು ಹೋದರು. ಎರಡನೆಯವರು ₹40,000 ಕಮ್ಮಿ ಮಾಡಿ ತಗೊಂಡರು. ಆ ದುಡ್ಡು ಬೇರೆ ದಾರೀಲಿ ಅವನಿಗೆ ವಾಪಸ್ ಬಂತು ಅಂತ ನಾನು ಹೇಳಲ್ಲ. ಬರಲಿಲ್ಲ. ಸತ್ಯಕ್ಕೆ ಕೆಲವೊಮ್ಮೆ ಬೆಲೆ ಕೊಡಬೇಕಾಗುತ್ತೆ, ಅಷ್ಟೇ.

2. ಸರಿಯಾದವರಿಗೆ ಮಾರಿ

ಮೂರು-ಡೋರ್ ಅಂತ ಕರೆದರೂ ಆ ಥಾರ್‌ಗೆ ಪಕ್ಕದಲ್ಲಿರೋದು ಎರಡೇ ಬಾಗಿಲು. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ ಹತ್ತಬೇಕು. 2024ರಲ್ಲಿ ಐದು ಬಾಗಿಲಿನ ರಾಕ್ಸ್ ಬಂದ ಮೇಲೆ ದೊಡ್ಡ ಕುಟುಂಬದವರಿಗೆ ಬೇರೆ ಆಯ್ಕೆಯೂ ಇದೆ. ಮಂಡಿನೋವಿನ ಅಜ್ಜಿ ಇರುವ ಮನೆಯವರು ಬಂದರೆ "ಮೊದಲು ಅಜ್ಜಿಯನ್ನೇ ಕರ್ಕೊಂಡು ಬಂದು ಹತ್ತಿಸಿ ನೋಡಿ" ಅನ್ನಿ. ಮಾರಾಟ ತಪ್ಪಬಹುದು. ಆದರೆ ಪ್ರೀತಿ ಅಂದ್ರೆ ಅದೇ ಅಲ್ವಾ?

ಚೌಕಾಸಿ ಪಾಪ ಅಲ್ಲ. ಆದರೆ ಜ್ಞಾನೋಕ್ತಿ 20:14ರಲ್ಲಿ, ವಸ್ತುವನ್ನು ಹಳಿದು ಕೊಂಡು, ಆಮೇಲೆ ಹೊಗಳಿಕೊಳ್ಳುವವನ ಚಿತ್ರ ಇದೆ. ಅಂಥವರು ಬಂದಾಗ ಕೋಪ ಮಾಡ್ಕೋಬೇಡಿ. ನಿಮ್ಮ ಕೊನೆಯ ರೇಟ್ ಮೊದಲೇ ಮನಸ್ಸಿನಲ್ಲಿರಲಿ.

3. ಹಣ ಬೆಳಕಿನಲ್ಲಿರಲಿ

ಯೆರೆಮೀಯ ಸಾಕ್ಷಿಗಳ ಮುಂದೆಯೇ ಬೆಳ್ಳಿ ತೂಗಿದ. ಒಂದು ವ್ಯವಹಾರಕ್ಕೆ ₹2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನು ನಮ್ಮ ಆದಾಯ ತೆರಿಗೆ ಕಾನೂನು ನಿಷೇಧಿಸುತ್ತೆ. ಅದಕ್ಕೇ ಬ್ಯಾಂಕ್ ಮೂಲಕವೇ ತಗೊಳ್ಳಿ. ಹಣ ಕಳಿಸ್ತೀನಿ ಅಂತ ಯಾರಾದರೂ ಕ್ಯೂಆರ್ ಕೋಡ್ ಕಳಿಸಿದರೆ ಸ್ಕ್ಯಾನ್ ಮಾಡಬೇಡಿ. ಹಣ ಪಡೆಯೋಕೆ ಪಿನ್ ಹಾಕುವ ಅಗತ್ಯವೇ ಇಲ್ಲ. ಟೆಸ್ಟ್ ಡ್ರೈವ್‌ಗೆ ಕೊಡುವಾಗ ಅವರ ಲೈಸೆನ್ಸ್ ನೋಡಿ, ಜೊತೆಗೆ ನೀವೂ ಕೂತ್ಕೊಳ್ಳಿ.

4. ಪತ್ರ ಮುಗಿಯುವವರೆಗೆ ಮಾರಾಟ ಮುಗಿದಿಲ್ಲ

ಇಲ್ಲಿ ಗಮನ ಕೊಡಿ. ಖಾಲಿ ಫಾರ್ಮ್‌ಗೆ ಸಹಿ ಹಾಕಿ ಕೀ ಕೊಟ್ಟು ಬರೋರು ತುಂಬಾ ಜನ ಇದ್ದಾರೆ. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಅಪಘಾತದ ಕೇಸ್ ಬಂತು. ಆ ಕಾರು ಕೈಯಿಂದ ಕೈಗೆ ಹಲವು ಸಲ ಮಾರಾಟ ಆಗಿತ್ತು, ಆದರೆ ದಾಖಲೆಯಲ್ಲಿ ಮೊದಲಿನವರ ಹೆಸರೇ ಇತ್ತು. ಕಾನೂನಿನ ಪ್ರಕಾರ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಅಂತ ಕೋರ್ಟ್ ಹೇಳಿತು. ಕಾರು ಕೊಟ್ಟಾಗಿದೆ, ಹೊಣೆ ಮಾತ್ರ ಮನೇಲೇ ಇದೆ!

ಆದ್ದರಿಂದ:

- ಮಾರಿದ ಸುದ್ದಿ ತಿಳಿಸೋಕೆ ಫಾರ್ಮ್ 29, ಹೆಸರು ಬದಲಾವಣೆಗೆ ಫಾರ್ಮ್ 30. ರಾಜ್ಯದೊಳಗಿನ ಮಾರಾಟಕ್ಕೆ ನೀವು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಹೊರ ರಾಜ್ಯದವರಿಗಾದರೆ 45 ದಿನ. ಕೊಂಡವರಿಗೆ 30 ದಿನ.
- ಲೋನ್ ಇದ್ದರೆ ತೀರಿಸಿ, ಬ್ಯಾಂಕ್ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕ್ ಹೆಸರು ತೆಗೆಸಿ.
- ಬಾಕಿ ಇರುವ ಚಲನ್ ಎಲ್ಲ ಕಟ್ಟಿ.
- ಕಾರು ಕೊಟ್ಟ ದಿನಾಂಕ, ಸಮಯ, ಕಿಲೋಮೀಟರ್ ಬರೆದು ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.
- ಫಾಸ್ಟ್ಯಾಗ್ ಮುಚ್ಚಿಸಿ.
- ಇನ್ಶೂರೆನ್ಸ್ ಅವರ ಹೆಸರಿಗೆ ಹೋಗಲಿ. ನೋ ಕ್ಲೇಮ್ ಬೋನಸ್ ನಿಮ್ಮದು, ಗಾಡಿಯದಲ್ಲ. ಅದಕ್ಕೆ ಪತ್ರ ಕೇಳಿ ಪಡೆಯಿರಿ.
- ಆರ್‌ಸಿಯಲ್ಲಿ ಹೆಸರು ಬದಲಾಗಿದ್ದನ್ನು ಕಣ್ಣಾರೆ ನೋಡುವವರೆಗೂ ಬಿಡಬೇಡಿ.

ಅನ್ವಯ

ಸಭೆಯವರಿಗೇ ಮಾರಿದರೂ ಇದೇ ಕ್ರಮ. "ಬ್ರದರ್, ನಂಬಿಕೆ ಇಲ್ವಾ?" ಅಂತ ಯಾರಾದರೂ ಕೇಳಿದರೆ, ನಂಬಿಕೆ ಇದೆ, ಅದು ಉಳೀಲಿ ಅಂತಾನೇ ಬರೀತಿದ್ದೀನಿ ಅನ್ನಿ. ಎಷ್ಟೋ ಸ್ನೇಹಗಳು ಕೆಡೋದು ಮೋಸದಿಂದಲ್ಲ, ಬರೆದಿಡದ ಮಾತಿನಿಂದ.

ಈ ವಾರ ಒಂದು ಕೆಲಸ ಮಾಡಿ. ನೀವು ಈಗಾಗಲೇ ಮಾರಿರುವ ಬೈಕ್, ಕಾರು ಯಾರ ಹೆಸರಿನಲ್ಲಿದೆ ಅಂತ ಪರಿವಾಹನ್ ತಾಣದಲ್ಲಿ ನೋಡಿ. ಇನ್ನೂ ನಿಮ್ಮ ಹೆಸರೇ ಇದ್ದರೆ ಕೊಂಡವರಿಗೆ ಇವತ್ತೇ ಫೋನ್ ಮಾಡಿ. ಕರ್ತನು ನಮ್ಮ ಮಾತನ್ನೂ ನಮ್ಮ ತೂಕವನ್ನೂ ಶುದ್ಧವಾಗಿ ಇಡಲಿ. ಆಮೆನ್.